ಒಂದು ವರ್ಷದ ಊರು

ಬೀದರಿನ ನಮ್ಮ ಚಿದ್ರಿಯಲ್ಲಿ ಆಕಾಶದ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ವಾಯುಪಡೆಯ ನೆಲೆ ಮಗ್ಗುಲಲ್ಲೇ ಇದೆ. ಕಲಿಯುವ ಹುಡುಗರ ಹಾಕ್ ವಿಮಾನಗಳು ಬೆಳಗಿನಿಂದ ಸುತ್ತುತ್ತಿರುತ್ತವೆ. ಸೂರ್ಯಕಿರಣ ತಂಡದ ಕೆಂಪು-ಬಿಳಿ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿಸಿದಂತೆ ಹೋದರೂ ಕಿರಾಣಿಯವನ ತಕ್ಕಡಿ ನಿಲ್ಲುವುದಿಲ್ಲ. ಮಾತಾಡುತ್ತಿದ್ದವರು ಸದ್ದು ದಾಟುವ ತನಕ ಸುಮ್ಮನಿದ್ದು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ. ಇಂಥ ಓಣಿಯೂ ತಲೆ ಎತ್ತಿ ನೋಡಿದ್ದು ಅಕ್ಕನ ಮಗನಿಗೆ ಆಸ್ಟ್ರೇಲಿಯಾದ ಚೀಟಿ ಎದ್ದ ದಿನ.

ಚೀಟಿ ಎಂದರೆ ಚೀಟಿಯೇ. ಎರಡು ದೇಶಗಳ ನಡುವೆ 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ವ್ಯಾಪಾರ ಒಪ್ಪಂದದ ಬೆನ್ನಿಗೆ ಬಂದ ವೀಸಾ ಇದು. 18ರಿಂದ 30 ವಯಸ್ಸಿನ, ತಕ್ಕಮಟ್ಟಿಗೆ ಓದಿದ ಭಾರತೀಯರಿಗೆ ವರ್ಷಕ್ಕೆ 1,000. ಹನ್ನೆರಡು ತಿಂಗಳು ತಿರುಗಬಹುದು, ತಿರುಗುವ ಖರ್ಚಿಗೆ ದುಡಿಯಬಹುದು. ಬೇಡುವವರು ಬಹಳ ಎಂದು 2024ರ ಅಕ್ಟೋಬರಿನಿಂದ ಲಾಟರಿ ಎತ್ತುತ್ತಾರೆ.

"ಅಲ್ಲಿ ನಮ್ಮವರು ಯಾರರೆ ಅದಾರೇನು?" ಹಿರಿಯರದು ಒಂದೇ ಪ್ರಶ್ನೆ. ನಾವು ಊರು ಹಿಡಿದುಕೊಂಡು ಬಂದದ್ದೂ ಹಾಗೆಯೇ. ಹೈದರಾಬಾದಿಗೆ ಹೋದ ನಮ್ಮ ಮಂದಿ ಚಾರ್ಮಿನಾರ್ ನೋಡಿ ಮನೆ ಹಿಡಿದವರಲ್ಲ. ಜಹೀರಾಬಾದ್, ಸಂಗಾರೆಡ್ಡಿ ದಾಟಿದ ಬಸ್ಸು ಶಹರಕ್ಕೆ ಮೊದಲು ಮುಖ ತೋರಿಸುವುದು ಪಟಾನ್‌ಚೆರು, ಲಿಂಗಂಪಲ್ಲಿ ಕಡೆ. ಅಲ್ಲೇ ಇಳಿದರು, ಮೊದಲೇ ಇಳಿದವರ ರೂಮಿನಲ್ಲಿ ಚಾಪೆ ಹಾಸಿದರು, ಹಬ್ಬಕ್ಕೆ ಅಲ್ಲಿಂದಲೇ ಬಸ್ಸು ಹತ್ತಿದರು. ಗಲ್ಫಿಗೆ ಹೋದವರಿಗೆ ಅಷ್ಟೂ ಇರಲಿಲ್ಲ. ಕಂಪನಿ ಹೇಳಿದ ಕ್ಯಾಂಪು, ಕಂಪನಿ ಕಳಿಸಿದ ಬಸ್ಸು. ಔರಾದ ಕಡೆಯ ತಾಂಡಾಗಳಿಂದ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವ ಗಂಡ-ಹೆಂಡತಿಯರಿಗಂತೂ ಆಳು ಒಯ್ಯುವ ಮುಕಾದಮನ ಮುಂಗಡ ಕೈಗೆ ಬಂದಾಗಲೇ ಊರು ನಿಕ್ಕಿಯಾಗಿರುತ್ತದೆ, ಅದೂ ಅವನ ಬಾಯಿಂದ. ಎಲ್ಲಿ ಇರಲಿ, ಎಲ್ಲಿ ದುಡಿಯಲಿ ಎಂದು ನಕಾಶೆ ಮುಂದಿಟ್ಟುಕೊಂಡು ಕೂರುವ ಭಾಗ್ಯ ನಮ್ಮ ಮನೆತನದಲ್ಲಿ ಇವನಿಗೇ ಮೊದಲು.

ಭಾಗ್ಯ ಬಂದವನು ಸಿಡ್ನಿಯ ಮೇಲೆ ಬೆರಳಿಟ್ಟ. "ಮಾಮಾ, ಹ್ಯಾರಿಸ್ ಪಾರ್ಕಿನಾಗ ಬರೀ ನಮ್ ಮಂದೀನೇ. ದೋಸೆ ಸಿಗತದ, ಕನ್ನಡ ಸಂಘ ಅದ."

"ದೋಸೆ ಇಲ್ಲಿ ಮೈಲೂರಿನಾಗೂ ಸಿಗತದಲೋ" ಎಂದೆ. ವರ್ಷದ ಮಟ್ಟಿಗೆ ಹೋಗುವವನು ನೆಲೆಸಲು ಹೋಗುವವನ ಲೆಕ್ಕ ಹಾಕಬಾರದು ಎಂಬುದು ನನ್ನ ವಾದ. ನೆಲೆಸುವವನಿಗೆ ಶಾಲೆ ಬೇಕು, ದವಾಖಾನೆ ಬೇಕು, ನೆಂಟರು ಬೇಕು. ಇವನಿಗೆ ಬೇಕಾದದ್ದು ಕೆಲಸ ಇರುವ ಊರು. ಮಂದಿ ಆಮೇಲೆ ಆಗುತ್ತಾರೆ.

ಇದಕ್ಕೆ ಸಾಕ್ಷಿ ಹುಡುಕಲು ನಾನು ಬೀದರ್ ಬಿಟ್ಟು ಹೋಗಬೇಕಾಗಿಲ್ಲ. 1470ರ ಆಸುಪಾಸಿನಲ್ಲಿ ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಮಾರುವುದಕ್ಕೆಂದು ಒಂದು ಗಂಡು ಕುದುರೆ ಹಿಡಿದು ಚೌಲ್ ಬಂದರಿಗೆ ಇಳಿದ. ಜುನ್ನರಿನಲ್ಲಿ ಅಲ್ಲಿನ ಖಾನ ಕುದುರೆಯನ್ನೇ ಕಿತ್ತುಕೊಂಡು ಮತ ಬದಲಿಸು ಎಂದ. ಹೇಗೋ ಬಿಡಿಸಿಕೊಂಡು ಬಂದು ಮುಟ್ಟಿದ್ದು ಬೀದರಿಗೆ. ಇಲ್ಲಿ ಅವನಿಗೆ ಹುಟ್ಟಿದೂರಿನವನು ಒಬ್ಬನೂ ಇರಲಿಲ್ಲ. ಇದ್ದದ್ದು ಬಹಮನಿ ರಾಜಧಾನಿ, ದಂಡು, ಕುದುರೆ ಕೊಳ್ಳುವವರು. ಒಂದು ವರ್ಷ ಮೇವು ಹಾಕಿ ಸಾಕಿದ ಕುದುರೆ ಕೊನೆಗೆ ಇಲ್ಲೇ ಮಾರಾಟವಾಯಿತು. ಬೀದರಿನ ಬೀದಿಯಲ್ಲಿ ಎರಡು ಮಾರುದ್ದದ ಹಾವು ಹರಿದಾಡುತ್ತವೆ ಎಂದೂ ಬರೆದಿಟ್ಟಿದ್ದಾನೆ (ನಮ್ಮ ಪೌರಾಡಳಿತದವರು ಇದಕ್ಕೆ ಉತ್ತರ ಕೊಡಬೇಕಿಲ್ಲ). ಮೊದಮೊದಲು ಖುರಾಸಾನದ ಖೋಜಾ ಯೂಸುಫ್ ಎಂದು ಹೇಳಿಕೊಂಡು ತಿರುಗಿದವನು, ಇಲ್ಲಿನ ಹಿಂದೂಗಳ ಪರಿಚಯವಾದ ಮೇಲೆ ನಾನು ಕ್ರೈಸ್ತ ಎಂದು ನಿಜ ಹೇಳಿದ. ಆಮೇಲೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲ. ಶ್ರೀಶೈಲದ ಜಾತ್ರೆಗೂ ಜೊತೆಗೆ ಕರೆದುಕೊಂಡು ಹೋದರು. ಖುರಾಸಾನಿಗಳ ಓಣಿಯಲ್ಲೇ ಉಳಿದುಬಿಟ್ಟಿದ್ದರೆ ಶ್ರೀಶೈಲ ಎಲ್ಲಿ ಕಾಣುತ್ತಿದ್ದ?

ಹುಡುಗ ಕೇಳಿಸಿಕೊಂಡ. ನಿಕಿತಿನನಿಗಿಂತ ವೀಸಾದ ಷರತ್ತುಗಳೇ ಅವನಿಗೆ ಹೆಚ್ಚು ತಾಗಿದವು ಎನ್ನಬೇಕು. ಸಾಮಾನ್ಯವಾಗಿ ಒಬ್ಬ ಮಾಲೀಕನ ಹತ್ತಿರ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಎರಡನೇ ವರ್ಷದ ವೀಸಾ ಬೇಕೆಂದರೆ ಮೂರು ತಿಂಗಳು ಅಲ್ಲಿನ ಸರ್ಕಾರ ಗೊತ್ತು ಮಾಡಿದ ಕೆಲಸ, ಗೊತ್ತು ಮಾಡಿದ ಸೀಮೆಯಲ್ಲೇ ಮಾಡಿರಬೇಕು. ಸಿಡ್ನಿಯ ಹೋಟೆಲಿನಲ್ಲಿ ತಟ್ಟೆ ಎತ್ತಿದರೆ ಲೆಕ್ಕಕ್ಕಿಲ್ಲ. ಉತ್ತರದ ಡಾರ್ವಿನ್ನಿನ ಹೋಟೆಲಿನಲ್ಲಿ ಎತ್ತಿದರೆ ಉಂಟು. ತೆರಿಗೆಯೂ ಹಾಗೆ: ಅಲ್ಲಿಯವರಿಗೆ ಇರುವ ವಿನಾಯಿತಿ ಈ ವೀಸಾದವರಿಗಿಲ್ಲ, ಮೊದಲ ಡಾಲರಿನಿಂದಲೇ ನೂರಕ್ಕೆ 15.

ಹೀಗಾಗಿ ಒಂದೇ ಊರು ಎಂಬ ಹಟ ಬಿಟ್ಟು ಹಂಗಾಮು ಹಿಡಿದು ನೋಡತೊಡಗಿದೆವು. ಸೆಪ್ಟೆಂಬರಿನಿಂದ ಡಾರ್ವಿನ್ ಕಡೆ ಮಾವು. ನವೆಂಬರಿನ ಹೊತ್ತಿಗೆ ಕ್ವೀನ್ಸ್‌ಲ್ಯಾಂಡಿನ ಬೋವೆನ್ ಕಡೆ. ಡಿಸೆಂಬರ್-ಜನವರಿಗೆ ಟಾಸ್ಮೇನಿಯಾದಲ್ಲಿ ಚೆರ್ರಿ. ಜೂನಿನಲ್ಲಿ ನಮ್ಮಲ್ಲಿ ಉದ್ದು, ಹೆಸರು ಬಿತ್ತುವಾಗ ಅಲ್ಲಿ ಸ್ನೋಯಿ ಬೆಟ್ಟಗಳಲ್ಲಿ ಹಿಮ, ಅಲ್ಲಿನ ಲಾಡ್ಜುಗಳಿಗೆ ಆಳು ಬೇಕು. ಮಾವಿನ ಕೆಲಸ ಸಲೀಸೆಂದು ತಿಳಿಯಬಾರದು. ತೊಟ್ಟು ಮುರಿದಲ್ಲಿ ಚಿಮ್ಮುವ ಸೊನೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತವೆ. ಅದಕ್ಕೇ ಆ ಬಿಸಿಲಲ್ಲೂ ಉದ್ದ ತೋಳಿನ ಅಂಗಿ, ಕೈಗವಸು.

ಇರುವ ಜಾಗದ ವಿಷಯದಲ್ಲಿ ನಾನು ಬಿಗಿಯಾಗಿದ್ದೆ. ಚಿದ್ರಿಯಲ್ಲಿ ಮನೆ ಬಾಡಿಗೆಗೆ ಕೇಳುವವರನ್ನು ನೋಡಿ ನೋಡಿ ಕಲಿತದ್ದಿದು. ಹೊಸದಾಗಿ ವರ್ಗವಾಗಿ ಬಂದವರು ಕೋಟೆ ಎಷ್ಟು ದೂರ ಎನ್ನುವುದಿಲ್ಲ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೆಳಗ್ಗೆ ಮೊದಲ ಆಟೋ ಎಷ್ಟಕ್ಕೆ ಎನ್ನುತ್ತಾರೆ. ಆಸ್ಟ್ರೇಲಿಯಾದ ತೋಟದ ಊರುಗಳಲ್ಲಿ ನಸುಕಿಗೇ ಕೆಲಸ ಶುರು, ಬಸ್ಸಿರುವುದಿಲ್ಲ. ಕಾರಿದ್ದ ಜೊತೆಗಾರ ಸಿಕ್ಕರೆ ಕೆಲಸ ಸಿಕ್ಕಂತೆ. ಇನ್ನು ಕೆಲವು ಹಾಸ್ಟೆಲ್‌ಗಳು ಹಾಸಿಗೆಯ ಜೊತೆ ಕೆಲಸವನ್ನೂ ತಾವೇ ಕೊಡಿಸುತ್ತೇವೆ ಎನ್ನುತ್ತವೆ. ಕೂಲಿ, ಬಾಡಿಗೆ ಎರಡೂ ಒಬ್ಬನ ಕೈಯಲ್ಲಿದ್ದರೆ ಅವನು ಇಂಗ್ಲಿಷ್ ಮಾತಾಡುವ ಮುಕಾದಮ. ಕೆಲಸವಿಲ್ಲದ ವಾರವೂ ಬಾಡಿಗೆ ಬೀಳುತ್ತಲೇ ಇರುತ್ತದೆ. ಬುಟ್ಟಿ ಲೆಕ್ಕದ ಕೂಲಿಯವರಿಗೂ ಗಂಟೆಗಿಷ್ಟು ಎಂಬ ಕನಿಷ್ಠ ಖಾತರಿ ಅಲ್ಲಿನ ತೋಟಗಳಿಗೆ ಬಂದದ್ದೇ 2022ರ ಏಪ್ರಿಲಿನಲ್ಲಿ. ಹೋಗಿ ಕಣ್ಣಾರೆ ನೋಡದೆ ತಿಂಗಳ ಮುಂಗಡ ಕಟ್ಟಬೇಡ ಎಂದೆ. ಅಷ್ಟು ಕೇಳಿದರೆ ಸಾಕು.

ಮೊದಲಿಗೆ ಡಾರ್ವಿನ್ ಎಂದು ತೀರ್ಮಾನವಾಯಿತು. ಅಕ್ಕ ಒಳಗಿನಿಂದ ಎಲ್ಲ ಕೇಳುತ್ತಿದ್ದಳು.

"ಮಾವಿನಕಾಯಿ ಹರೀಲಿಕ್ಕಾ? ಭಾಲ್ಕಿ ಹೊಲದಾಗ ಗಿಡ ಅವ, ನಿಮ್ಮಪ್ಪ ಕರದು ಕರದು ಸಾಕಾದ, ಒಮ್ಮೆರೆ ಹೋಗೀದೇನು?"

"ಅಲ್ಲಿ ತಾಸಿಗೆ ಕಡಿಮಿ ಅಂದ್ರೂ 24.95 ಡಾಲರ್ ಅವ್ವಾ."

ಅಕ್ಕ ಅದನ್ನು ರೂಪಾಯಿಗೆ ತಿರುಗಿಸಿ ಹೇಳಿಸಿಕೊಂಡಳು. ಮೇಲೆ ವಿಮಾನ ಹೋಯಿತು; ಸದ್ದು ದಾಟುವ ತನಕ ಕಾದಳು.

"ಹಂಗಾದ್ರ ನಿಮ್ಮಪ್ಪಗೂ ಒಂದ್ ಚೀಟಿ ಹಾಕು."

"ಮೂವತ್ತು ದಾಟಿದವ್ರಿಗಿ ಇಲ್ಲವ್ವಾ."