ಹಳೆ ಆಯಿಲ್ ಎಲ್ಲಿ ಹೋಯ್ತು?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಒಂದು ಕಾಲಕ್ಕೆ ಕಾರಿಟ್ಟವರು ಆಯಿಲನ್ನು ಮನೆಯಲ್ಲೇ ಬದಲಿಸುತ್ತಿದ್ದುದು ದುಡ್ಡು ಉಳಿಸಲಿಕ್ಕೆ. ಅದರಲ್ಲಿ ಯಂತ್ರಪ್ರೇಮ ಹುಡುಕುವವರು ಯಾರೂ ಆಗ ಕಾರಿನಡಿ ಮಲಗಿದವರಲ್ಲ.

ಕೊಲ್ಲೂರಿಗೆ ಯಾತ್ರಿಕರನ್ನು ಒಯ್ಯುವ ಅಂಬಾಸಿಡರ್ ಟ್ಯಾಕ್ಸಿಯವರು ಬಾಡಿಗೆ ಮುಗಿಸಿ ಬಂದು, ಎಂಜಿನ್ ಬಿಸಿ ಇರುವಾಗಲೇ ಅಂಗಳದಲ್ಲಿ ಕೆಲಸಕ್ಕೆ ಇಳಿಯುತ್ತಿದ್ದರು. ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರ ಕೊನೆಗೆ. ನಮ್ಮ ಓಣಿಗೆ ಅದು ಕಾಲಿಡುವಾಗ ತೊಂಬತ್ತರ ದಶಕ. ಅದನ್ನು ಸಾಲ ಮಾಡಿ ತಂದ ಮೇಷ್ಟ್ರುಗಳು, ಬ್ಯಾಂಕಿನವರು ಟ್ಯಾಕ್ಸಿಯವರನ್ನು ನೋಡಿಯೇ ಕಲಿತರು. ನಮ್ಮ ಮಾವನೂ ಹಾಗೆ ಕಲಿತವರು.

ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಗಳನ್ನು ಎರಡು ಮುರಕಲ್ಲಿನ ಮೇಲೆ ಹತ್ತಿಸಿ, ಹಿಂದಿನವಕ್ಕೆ ಕಲ್ಲು ಅಡ್ಡ ಕೊಟ್ಟರೆ ಒಬ್ಬರು ನುಸುಳುವಷ್ಟು ಜಾಗವಾಗುತ್ತಿತ್ತು. ಮುರಕಲ್ಲು ಭಾರಕ್ಕೆ ಒಡೆಯುವ ಕಲ್ಲು. ಅದನ್ನು ನಂಬಿ ಮಲಗಿದವರೆಲ್ಲ ಎದ್ದು ಬಂದದ್ದೇ ಹೆಚ್ಚು. ರಿಂಗ್ ಸ್ಪ್ಯಾನರಿನಲ್ಲಿ ಡ್ರೈನ್ ಪ್ಲಗ್ ಸಡಿಲಿಸಿ, ಕೊನೆಯ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ, ಸಟ್ಟನೆ ಕೈ ಎಳೆದುಕೊಳ್ಳಬೇಕು. ಬಿಸಿ ಆಯಿಲ್ ನೇರ ಕೆಳಗೆ ಬೀಳುವುದಿಲ್ಲ. ಮೊದಲು ಆಚೆ ಚಿಮ್ಮಿ, ರಭಸ ತಗ್ಗಿದಂತೆ ಧಾರೆ ಹಿಂದೆ ಸರಿಯುತ್ತದೆ. ಅದರ ಜೊತೆ ಬೋಗುಣಿ ಸರಿಸುವುದು ಹುಡುಗರ ಕೆಲಸ. ‘ಬೋಗುಣಿ ಕಾಣ್ ಮರಾಯ, ನನ್ ಮುಖ ಕಾಂಬುದ್ ಬ್ಯಾಡ’ ಎಂದು ಮಾವ ಅಡಿಯಿಂದಲೇ ಕೂಗುತ್ತಿದ್ದರು. ಫಿಲ್ಟರ್ ಕೈಗೆ ಬಗ್ಗದಿದ್ದರೆ ಅದಕ್ಕೊಂದು ಸ್ಕ್ರೂಡ್ರೈವರ್ ಹೊಡೆದು ತೂರಿಸಿ ತಿರುಗಿಸುವುದು. ಹೊಸದರ ರಬ್ಬರ್ ರಿಂಗಿಗೆ ಆಯಿಲ್ ಸವರಿ, ಕೈಯಲ್ಲಿ ಬಿಗಿದಷ್ಟಕ್ಕೆ ಬಿಡುವುದು. ಆಮೇಲೆ ಅಂಗಡಿಯಲ್ಲಿ ಸಿಗುತ್ತಿದ್ದ 20ಡಬ್ಲ್ಯೂ-40 ಆಯಿಲ್, ಸುಮಾರು ಮೂರು ಲೀಟರು. ಖಾಲಿ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಿದರಷ್ಟೇ ಮಾವನಿಗೆ ಸಮಾಧಾನ. ಇಲ್ಲದಿದ್ದರೆ ಅದರೊಳಗೆ ಕಲಬೆರಕೆ ತುಂಬಿ ಮತ್ತೆ ಮಾರುವವರಿದ್ದರು, ಈಗಲೂ ಇದ್ದಾರೆ.

ಎಲ್ಲರಿಗೂ ಒಂದು ನಂಬಿಕೆ: ಕಪ್ಪಾದರೆ ಆಯಿಲ್ ಕೆಟ್ಟಿತು. ಡಿಪ್‌ಸ್ಟಿಕ್ಕಿನ ತುದಿಯನ್ನು ಎರಡು ಬೆರಳ ನಡುವೆ ತಿಕ್ಕಿ, ‘ಬದ್ಲ್ ಮಾಡ್ಕ್’ ಎಂದು ತೀರ್ಪು ಕೊಡುತ್ತಿದ್ದರು. ನಿಜಕ್ಕೂ ಮಸಿಯನ್ನು ತಳಕ್ಕೆ ಕೂರಲು ಬಿಡದೆ ಹಿಡಿದಿಟ್ಟುಕೊಳ್ಳುವುದೇ ಆಯಿಲಿನ ಕೆಲಸ, ಕಪ್ಪಾಗುವುದು ಅದಕ್ಕೇ. ಡೀಸೆಲ್ ಎಂಜಿನ್ನಿನಲ್ಲಂತೂ ಹಾಕಿದ ಸ್ವಲ್ಪ ದಿನದಲ್ಲೇ ಕಪ್ಪು. ಬೆರಳಿಗೆ ಗೊತ್ತಾಗುವುದು ಕಡಿಮೆ. ಕಿಲೋಮೀಟರ್ ಮತ್ತು ತಿಂಗಳ ಲೆಕ್ಕವೇ ಸರಿ.

ಬೋಗುಣಿಯಲ್ಲಿ ಉಳಿದದ್ದಕ್ಕೆ ಎಷ್ಟೊಂದು ಗಿರಾಕಿಗಳು! ಮಳೆಗಾಲಕ್ಕೆ ಮುಂಚೆ ಹಾರೆ, ಪಿಕಾಸಿಗೆ ತುಕ್ಕು ಹಿಡಿಯದಂತೆ ಸವರಲು, ಬೇಲಿಯ ಗೂಟಕ್ಕೆ, ಕೊಟ್ಟಿಗೆಯ ಪಕಾಸಿಗೆ ಒರಲೆ ಹತ್ತದಂತೆ ಬಳಿಯಲು ಅಕ್ಕಪಕ್ಕದವರು ಡಬ್ಬಿ ಹಿಡಿದು ಬರುತ್ತಿದ್ದರು. ಮಿಕ್ಕದ್ದು ಹಿತ್ತಿಲ ಮೂಲೆಗೆ. ಹತ್ತು ಹೆಜ್ಜೆ ಆಚೆ ಬಾವಿ. ನಮ್ಮ ಮುರ ಮಣ್ಣು ಮಳೆನೀರನ್ನು ಹೀರಿ ಬಾವಿಗೇ ಇಳಿಸುವಂಥದ್ದು. ಸುರಿದದ್ದನ್ನೂ ಅದು ತಡೆಯುವುದಿಲ್ಲ. ಹಳೆ ಆಯಿಲಿನಲ್ಲಿ ಎಂಜಿನ್ ಸವೆದ ಲೋಹದ ಕಣಗಳಿರುತ್ತವೆ, ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳೂ ಇರುತ್ತವೆ. ಅದನ್ನು ಬರಿಗೈಯಲ್ಲಿ ಬಳಿದು, ಅದೇ ಬಾವಿಯ ನೀರಲ್ಲಿ ಕೈ ತೊಳೆದ ಕಾಲವನ್ನು ‘ಒಳ್ಳೆಯ ಕಾಲ’ ಅನ್ನಲು ನನಗೆ ಮನಸ್ಸಿಲ್ಲ.

ಈಗ ಹೆದ್ದಾರಿ 66ರ ಬದಿಗೆ ಸರ್ವಿಸ್ ಸೆಂಟರುಗಳಿವೆ. ಹತ್ತು ಸಾವಿರ ಕಿಲೋಮೀಟರ್ ಇಲ್ಲವೇ ಒಂದು ವರ್ಷಕ್ಕೆ ಫೋನ್ ಅವರೇ ಮಾಡುತ್ತಾರೆ. ಆದರೂ ಬ್ರಹ್ಮಾವರದಲ್ಲಿರುವ ಅಕ್ಕನ ಮಗನಂಥವರು ಮೊಬೈಲಿನಲ್ಲಿ ನೋಡಿ ಮನೆಯಲ್ಲೇ ಶುರು ಮಾಡಿದ್ದಾರೆ. ಮುರಕಲ್ಲಿನ ಬದಲು ಜಾಕ್ ಸ್ಟ್ಯಾಂಡ್, ಕೈಗೆ ಗ್ಲೌಸ್. ಅಷ್ಟರ ಮಟ್ಟಿಗೆ ನಮಗಿಂತ ಜಾಣರು. ಗ್ರೇಡ್ ಮಾತ್ರ ಅಂಗಡಿಯವನು ಕೊಟ್ಟದ್ದಲ್ಲ, ಕಾರಿನ ಪುಸ್ತಕ ಹೇಳಿದ್ದೇ ಆಗಬೇಕು: 0ಡಬ್ಲ್ಯೂ-20 ಅಂದರೆ ಅದೇ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಡೀಸೆಲ್ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಹಾಕದಿದ್ದರೆ ಹೊಗೆಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಉಳಿಸಿದ ಕೂಲಿಯ ಎಷ್ಟೋ ಪಟ್ಟು ಖರ್ಚು ಬರುತ್ತದೆ. ವಾರಂಟಿ ಇರುವಷ್ಟು ದಿನ ಬಿಲ್ಲುಗಳನ್ನೂ ಎತ್ತಿಡಬೇಕು.

ಸರ್ವಿಸ್ ಸೆಂಟರಿಗೆ ಬಿಟ್ಟವರ ತಪ್ಪು ಬೇರೆ. ಅವರು ಬಾನೆಟ್ಟನ್ನೇ ಎತ್ತುವುದಿಲ್ಲ. ಬಾಳೆಬರೆ ಘಾಟಿ ಹತ್ತುವ ಮುಂಚೆ ಡಿಪ್‌ಸ್ಟಿಕ್ ಒರೆಸಿ ನೋಡುವುದು ಮಾವನ ಕಾಲದಲ್ಲಿ ಬಿಡದ ಪದ್ಧತಿ. ಅದಕ್ಕೆ ಕಾರಿನಡಿ ಮಲಗಬೇಕಾಗಿಲ್ಲ.

ಮನೆಯಲ್ಲೇ ಬದಲಿಸುವವರಲ್ಲಿ ಒಂದು ವಿನಂತಿ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ತಂದ ಡಬ್ಬಿಗೇ ಅದನ್ನು ವಾಪಸು ತುಂಬಿಸಿ, ಮುಚ್ಚಳ ಬಿಗಿದು, ಹಳೆ ಆಯಿಲನ್ನು ಬ್ಯಾರಲ್ಲಿನಲ್ಲಿ ಒಟ್ಟುಮಾಡಿ ಮರುಬಳಕೆಗೆ ಕೊಡುವ ಗ್ಯಾರೇಜಿಗೆ ಮುಟ್ಟಿಸಿ. ಡಬ್ಬಿಗೆ ತೂತು ಹೊಡೆಯುವುದು ಆಮೇಲಾಗಲಿ. ತೆಗೆದುಕೊಳ್ಳುವ ಗ್ಯಾರೇಜ್ ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಅದು ಗೊತ್ತಾಗುವ ತನಕ ಡ್ರೈನ್ ಪ್ಲಗ್ ಬಿಚ್ಚಬೇಡಿ.