ತಕ್ಕಡಿಗೆ ತಿಳಿಯದ ತೂಕ

ಮಗುವಿಗೆ ಹಾಲು ಕುಡಿಸುವ ಒಳಲೆ ನೋಡಿದ್ದೀರಾ? ಅಂಗೈಯಲ್ಲಿ ಅಡಗುವ ಪುಟ್ಟ ಬಟ್ಟಲು. ಒಂದು ಕಡೆ ನೀಳ ಮೂತಿ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಬೆಳ್ಳಿ ಒಳಲೆಯೊಂದಿದೆ.

ನಮ್ಮ ಓದಿಗೂ ಅದೇ ಆಧಾರವಾಗಿತ್ತು. ಜೂನ್ ಬಂತೆಂದರೆ ಅಮ್ಮ ಒಳಲೆ, ಚೊಂಬು ಎರಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಚಾಮರಾಜನಗರದ ಬಸ್ಸು ಹತ್ತುತ್ತಿದ್ದಳು. ಅಡವಿಟ್ಟು ಫೀಸು ಕಟ್ಟುವುದು, ಸುಗ್ಗಿ ಮುಗಿದ ಮೇಲೆ ಬಿಡಿಸಿ ತರುವುದು. “ಹಳೇದು ಹಾಕಿ ಹೊಸ ಲೋಟ ತಗೊಳ್ಳಿ” ಎಂದು ಅಂಗಡಿಯವರು ಹೇಳಿದರೆ, “ಕರಗಿಸಿದ್ರೆ ಬೆಳ್ಳಿ ಉಳೀತದೆ, ಒಳಲೆ ಎಲ್ಲುಳೀತದೆ?” ಎನ್ನುತ್ತಿದ್ದಳು. ಮಳೆ ಕೈಕೊಟ್ಟ ಒಂದು ವರ್ಷ ಚೊಂಬು ಬಿಡಿಸಲಾಗಲಿಲ್ಲ. ಅದರ ಕಂಠ ಹೇಗಿತ್ತೆಂದು ಈಗ ನಮಗಾರಿಗೂ ನೆನಪಿಲ್ಲ.

ಕರಗಿಸುವುದು ನಮ್ಮಲ್ಲಷ್ಟೇ ಅಲ್ಲ. 18ನೇ ಶತಮಾನದ ಅಮೆರಿಕದಲ್ಲಿ ಉಳ್ಳವರು ಬೆಳ್ಳಿ ನಾಣ್ಯಗಳನ್ನೇ ಕರಗಿಸಿ, ಚಹಾಕ್ಕೆ ಕೆನೆ ಸುರಿಯುವ ಪುಟ್ಟ ಹೂಜಿ ಮಾಡಿಸುತ್ತಿದ್ದರು. ಶತಮಾನದ ನಡುವಿನದಕ್ಕೆ ಮರಸೇಬಿನಂಥ ಹೊಟ್ಟೆ, ಮೂರು ಕಾಲು. ಕೊನೆಯ ಹೊತ್ತಿನದು ಒಂದೇ ಪಾದದ ಮೇಲೆ ನಿಂತ, ತಲೆಕೆಳಗಾದ ಶಿರಸ್ತ್ರಾಣದಂಥದು. ಬಾಸ್ಟನ್ನಿನ ಪಾಲ್ ರಿವಿಯರ್ (1735–1818) ತನ್ನ ಹೆಸರನ್ನೇ ಮುದ್ರೆಯಾಗಿ ಒತ್ತುತ್ತಿದ್ದ. ಆಕಾರ ನೋಡಿ ಕಾಲ ಹೇಳಬಹುದು, ಮುದ್ರೆ ನೋಡಿ ಕೈ ಹೇಳಬಹುದು. ಕರಗಿದ ಗಟ್ಟಿಗೆ ಎರಡೂ ಇಲ್ಲ.

ನಮ್ಮ ಒಳಲೆಗೆ ಯಾವ ಮುದ್ರೆಯೂ ಇಲ್ಲ. ಮೂತಿಯ ಬಳಿ ಸಣ್ಣದೊಂದು ತಗ್ಗಿದೆ, ಯಾವ ಮಗುವಿನ ಹೊಸ ಹಲ್ಲಿನದೋ! ತಕ್ಕಡಿ ಅದನ್ನು ತೂಗುವುದಿಲ್ಲ. ಮಕ್ಕಳೇ, ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥದೊಂದು ಇರಬಹುದು. ಅಂಗಡಿಗೆ ಹೋಗುವ ಮುನ್ನ ಅದು ಯಾರದೆಂದು ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.