ಚೈನಿನ ಮೇಲಿನ ತಗಡು

ನಮ್ಮ ಸೋದರಮಾವನವರಿಗೆ ತಮ್ಮ ಹಳೆಯ ಬುಲೆಟ್ಟನ್ನು ಟ್ರಯಲ್ಸ್ ಗಾಡಿಯಾಗಿ ಮಾರ್ಪಡಿಸುವ ಹುಚ್ಚು. ಟ್ರಯಲ್ಸ್ ಎಂದರೆ ವೇಗದ ಪಂದ್ಯವಲ್ಲ. ಕಲ್ಲು, ಕೆಸರು, ಹಳ್ಳಗಳಲ್ಲಿ ಕಾಲನ್ನು ನೆಲಕ್ಕೂರದೆ ದಾಟುವ ಪರೀಕ್ಷೆ. 1952ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲನ್ನು ಜಾನಿ ಬ್ರಿಟನ್ ಗೆದ್ದದ್ದು ಬುಲೆಟ್ಟಿನ ಮೇಲೆಯೇ. ಆದ್ದರಿಂದ ಗಾಡಿಯ ಭಾರ ಇಳಿಯಬೇಕು, ಮೊದಲು ಹೋಗಬೇಕಾದದ್ದು ಚೈನ್ ಗಾರ್ಡು, ಎಂದು ಮಾವನವರ ವಾದ. ಸೀರೆ ಗಾರ್ಡನ್ನಂತೂ ಆಗಲೇ ಬಿಚ್ಚಿಯಾಗಿತ್ತು.

ನಾನು ಒಪ್ಪಲಿಲ್ಲ. ಆ ಗಾಡಿಯ ಚೈನು ಓಡುವುದು ಎಡಗಡೆ. ಅತ್ತೆ ಕಾಲು ಇಳಿಬಿಟ್ಟು ಕೂರುವುದೂ ಎಡಗಡೆಯೇ. ಸೀರೆಯ ನೆರಿಗೆಗೂ ಹಲ್ಲುಚಕ್ರಕ್ಕೂ ನಡುವೆ ಉಳಿದಿದ್ದದ್ದು ಆ ತಗಡೊಂದೇ.

ಚೈನು ಬಿಗಿಮಾಡುವ ಕೆಲಸವನ್ನು ಮಾತ್ರ ಸಂತೋಷದಿಂದಲೇ ಹಿಡಿದೆ. ಹಿಂಚಕ್ರ ಏರಿಳಿದಂತೆ ಚೈನಿನ ಬಿಗಿಯೂ ಬದಲಾಗುತ್ತದೆ. ಗಿಯರ್ ಪೆಟ್ಟಿಗೆಯ ಹಲ್ಲುಚಕ್ರ, ಹಿಂದಿನ ಫೋರ್ಕಿನ ಕೀಲು, ಚಕ್ರದ ಅಚ್ಚು ಮೂರೂ ಒಂದೇ ಗೆರೆಗೆ ಬಂದಾಗ ಅತಿ ಬಿಗಿ. ಅದಕ್ಕೇ ಇಬ್ಬರನ್ನೂ ಗಾಡಿಯ ಮೇಲೆ ಕೂರಿಸಿ ಸಡಿಲ ನೋಡಿದೆ. ಅಚ್ಚಿನ ಎರಡೂ ತುದಿಗಳಲ್ಲಿರುವ, ಬಸವನಹುಳುವಿನ ಚಿಪ್ಪಿನಂಥ ಬಿಲ್ಲೆಗಳನ್ನು ಎಡಕ್ಕೆಷ್ಟು ಕಚ್ಚೋ ಬಲಕ್ಕೂ ಅಷ್ಟೇ ತಿರುಗಿಸಬೇಕು. ಇಲ್ಲದಿದ್ದರೆ ಚಕ್ರ ಸೊಟ್ಟಗೆ ನಿಲ್ಲುತ್ತದೆ.

“ಭಾರವೇ ಇಳೀಬೇಕಾದರೆ ನಾನೇ ಇಳೀತೀನಿ, ಬಿಡಿ,” ಎಂದರು ಅತ್ತೆ.

ಮಾವನವರು ಮಾತಾಡದೆ ಗಾರ್ಡನ್ನೂ ಸ್ಪ್ಯಾನರನ್ನೂ ನನ್ನತ್ತ ಸರಿಸಿದರು.